ಕ್ಯಾಥಿ ಯಾಕೆ ಓಡಿಹೋಗಲಿಲ್ಲ? ಇಶಿಗುರೊ ಓದಿ ಜಗಳವಾಡಿದವರಿಗೆ ಒಂದು ಉತ್ತರ

ಪ್ರಶ್ನೆ: ಸರ್, ಮೈಸೂರಿನಲ್ಲಿ ನಾವು ಎಂಟು ಜನ ಸೇರಿ ತಿಂಗಳಿಗೊಂದು ಪುಸ್ತಕ ಓದುತ್ತೇವೆ. ಹೋದ ತಿಂಗಳು ಕಜುವೊ ಇಶಿಗುರೊ ಅವರ 'ನೆವರ್ ಲೆಟ್ ಮಿ ಗೋ' ಓದಿದೆವು. ಮೂವರು ಅತ್ತರು. ಮೂವರಿಗೆ ಸಿಟ್ಟು ಬಂತು. ಇಬ್ಬರು ಅರ್ಧಕ್ಕೇ ಕೈಬಿಟ್ಟರು. ನಮ್ಮಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು ಒಬ್ಬರಿದ್ದಾರೆ. "ಇಂಗ್ಲಿಷ್ ಏನೋ ಸುಲಭ. ಆದರೆ ಆ ಹುಡುಗರಿಗೆ ಓಡಿಹೋಗೋಕೆ ಏನು ದಾಡಿ? ಸ್ಕೂಲು ಬಿಟ್ಟ ಮೇಲೆ ಕಾವಲಿಲ್ಲ, ಪೊಲೀಸಿಲ್ಲ, ಕೈಯಲ್ಲಿ ಕಾರು ಬೇರೆ ಇದೆ" ಅಂದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಒಂದೇ ಪುಸ್ತಕಕ್ಕೆ ಇಷ್ಟೊಂದು ಬೇರೆ ಬೇರೆ ಪ್ರತಿಕ್ರಿಯೆ ಯಾಕೆ? ಇವರದ್ದೇ ಇನ್ನೊಂದು ಓದಬೇಕಾ, ಬಿಡಬೇಕಾ? ಓದೋದಾದರೆ ಯಾವುದು?

ಉತ್ತರ: ಮೊದಲು ನಿಮ್ಮ ಮ್ಯಾನೇಜರ್ ಸಾಹೇಬರಿಗೆ ನನ್ನ ನಮಸ್ಕಾರ ತಿಳಿಸಿ. ಈ ಪುಸ್ತಕದ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದಾರೆ. 2005ರಲ್ಲಿ ಪುಸ್ತಕ ಬಂದಾಗಿನಿಂದ ಇಶಿಗುರೊ ಅವರನ್ನು ಓದುಗರು ಇದನ್ನೇ ಕೇಳುತ್ತಾ ಬಂದಿದ್ದಾರೆ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಾಗ, ಈ ಪುಸ್ತಕ ತೆಗೆದ ಪ್ರತಿ ಕ್ಲಾಸಿನಲ್ಲೂ ಯಾರಾದರೊಬ್ಬರು ಕೈ ಎತ್ತಿ ಇದನ್ನೇ ಕೇಳುತ್ತಿದ್ದರು.

ಓದದವರಿಗಾಗಿ ಎರಡು ಮಾತು. ಹೇಲ್‌ಶಮ್ ಅನ್ನುವ ಒಂದು ಬೋರ್ಡಿಂಗ್ ಸ್ಕೂಲು. ಇಂಗ್ಲೆಂಡಿನ ಹಳ್ಳಿಗಾಡು. ಅಲ್ಲಿನ ಮಕ್ಕಳು ತದ್ರೂಪಿಗಳು, ಅಂದರೆ ಕ್ಲೋನ್‌ಗಳು. ದೊಡ್ಡವರಾದ ಮೇಲೆ ಅವರ ಅಂಗಾಂಗಗಳನ್ನು ಒಂದೊಂದಾಗಿ ತೆಗೆದು ಬೇರೆಯವರಿಗೆ ಹಾಕುತ್ತಾರೆ. ಮೂರನೆಯದೋ ನಾಲ್ಕನೆಯದೋ ಆಪರೇಷನ್ ಹೊತ್ತಿಗೆ ಕಥೆ ಮುಗಿಯುತ್ತದೆ. ಸಾಯುತ್ತಾರೆ ಅಂತ ಯಾರೂ ಹೇಳುವುದಿಲ್ಲ, 'ಕಂಪ್ಲೀಟ್' ಆದರು ಅನ್ನುತ್ತಾರೆ. ಕಥೆ ಹೇಳುವವಳು ಕ್ಯಾಥಿ, ವಯಸ್ಸು 31. ಅಂಗ ಕೊಡುತ್ತಿರುವ ತನ್ನಂಥವರನ್ನು ನೋಡಿಕೊಳ್ಳುವ ಕೆಲಸ ಅವಳದ್ದು. ಹನ್ನೊಂದು ವರ್ಷಕ್ಕೂ ಜಾಸ್ತಿ ಆ ಕೆಲಸ ಮಾಡಿದ್ದಾಳೆ. ಒಬ್ಬಳೇ ಕಾರು ಓಡಿಸಿಕೊಂಡು ಊರಿಂದೂರಿಗೆ ಹೋಗುತ್ತಾಳೆ. ಹೌದು, ಮ್ಯಾನೇಜರ್ ಹೇಳಿದ್ದು ನಿಜ. ಸ್ಟಿಯರಿಂಗ್ ಅವಳ ಕೈಯಲ್ಲೇ ಇದೆ.

ಸಿನಿಮಾ ಮಾಡಿದವರಿಗೂ ಈ ಪ್ರಶ್ನೆ ಕಾಡಿರಬೇಕು. 2010ರ ಸಿನಿಮಾದಲ್ಲಿ ಇವರ ಮಣಿಕಟ್ಟಿಗೆ ಒಂದು ಪಟ್ಟಿ ಇರುತ್ತದೆ. ಒಳಗೆ ಬರುವಾಗ, ಹೊರಗೆ ಹೋಗುವಾಗ ಅದನ್ನು ಗೋಡೆಯ ಮೇಲಿನ ಯಂತ್ರಕ್ಕೆ ತೋರಿಸಬೇಕು. ನೋಡುವವರಿಗೆ ಒಂದು ಸಮಾಧಾನ. ಓ, ಯಾರೋ ಕಣ್ಣಿಟ್ಟಿದ್ದಾರೆ, ಅದಕ್ಕೇ ಓಡಲಿಲ್ಲ. ಪುಸ್ತಕದಲ್ಲಿ ಆ ಪಟ್ಟಿ ಇಲ್ಲ. ಅಲ್ಲಿರುವುದು ಸ್ಕೂಲಿನ ಹಿಂದಿನ ಕಾಡು ಮತ್ತು ಅದರ ಬಗ್ಗೆ ಮಕ್ಕಳು ಹೇಳಿಕೊಳ್ಳುವ ಕಥೆಗಳು. ಹಿಂದೆ ಒಬ್ಬ ಹುಡುಗ ಓಡಿಹೋಗಿದ್ದನಂತೆ, ಕೈಕಾಲು ಕಡಿದ ಅವನ ಹೆಣ ಮರಕ್ಕೆ ಕಟ್ಟಿದ ಹಾಗೆ ಸಿಕ್ಕಿತಂತೆ. ಹೀಗೆ. ಅದೆಲ್ಲ ಸುಳ್ಳು ಅಂತ ಸ್ಕೂಲಿನ ದೊಡ್ಡವರೇ ಹೇಳುತ್ತಾರೆ. ಮಕ್ಕಳೇ ಒಬ್ಬರನ್ನೊಬ್ಬರು ಹೆದರಿಸಿಕೊಳ್ಳುತ್ತಾರೆ. ತಮಗೆ ಮುಜುಗರ ತಂದ ಒಬ್ಬ ಹುಡುಗಿಯನ್ನು ರಾತ್ರಿ ಹಾಸಿಗೆಯಿಂದ ಎಬ್ಬಿಸಿ, ಕಿಟಕಿಗೆ ಮುಖ ಒತ್ತಿಸಿ, ಆ ಕಡೆಯೇ ನೋಡು ಅನ್ನುತ್ತಾರೆ. ಕಾವಲು ಎಲ್ಲಿದೆ ಅಂತ ಕೇಳಿದಿರಲ್ಲ, ಅಲ್ಲಿದೆ ನೋಡಿ.

ಇದು ಅರ್ಧ ಉತ್ತರ. ಇನ್ನರ್ಧ ಒಂದು ಸಣ್ಣ ಪದದಲ್ಲಿದೆ. ನಾನೇ ಎಷ್ಟೋ ಸಲ ಓದಿದ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ಶುರುವಿನಲ್ಲೇ ಕ್ಯಾಥಿ, ನೀವಿದ್ದ ಕಡೆ ಹೇಗಿತ್ತೋ ಗೊತ್ತಿಲ್ಲ, ಹೇಲ್‌ಶಮ್‌ನಲ್ಲಿ ಮಾತ್ರ ಹೆಚ್ಚುಕಡಿಮೆ ವಾರವಾರವೂ ಆರೋಗ್ಯ ತಪಾಸಣೆ ಇರುತ್ತಿತ್ತು ಅನ್ನುತ್ತಾಳೆ. ನಾವು ಅದನ್ನು ಸುಮ್ನೆ ದಾಟಿಕೊಂಡು ಹೋಗುತ್ತೇವೆ. ಸ್ವಲ್ಪ ನಿಂತು ನೋಡಿ. ನೀವಿದ್ದ ಕಡೆ? ಅವಳು ಯಾರ ಜೊತೆ ಮಾತಾಡುತ್ತಿದ್ದಾಳೆ? ಮೈಸೂರಿನಲ್ಲಿ ಕೂತು ಕಾಫಿ ಕುಡಿಯುತ್ತಾ ಓದುವ ನಿಮ್ಮ ಜೊತೆ ಅಲ್ಲವೇ ಅಲ್ಲ. ಅವಳ ಲೆಕ್ಕದಲ್ಲಿ ನೀವೂ ಅವಳ ಹಾಗೇ ಬೇರೆ ಯಾವುದೋ ಅಂಥದ್ದೇ ಸ್ಕೂಲಿನಲ್ಲಿ ಬೆಳೆದವರು. ನಾಳೆಯೋ ನಾಡಿದ್ದೋ ಆಪರೇಷನ್ ಟೇಬಲ್ ಮೇಲೆ ಮಲಗಬೇಕಾದವರು. ಹಾಗಾಗಿ ಓಡಿಹೋಗುವ ಮಾತೇ ಬರುವುದಿಲ್ಲ. ಯಾಕೆ ಓಡಲಿಲ್ಲ ಅಂತ ಅವಳು ನಿಮಗೆ ವಿವರಿಸಬೇಕಿಲ್ಲ. ನೀವೂ ಓಡಿಲ್ಲವಲ್ಲ.

ನಿಮ್ಮ ಗುಂಪು ಒಡೆದದ್ದು ಇಲ್ಲೇ ಇರಬೇಕು ಅಂತ ನನಗನ್ನಿಸುತ್ತದೆ. ಅತ್ತವರು ಅವಳು ಕರೆದ ಜಾಗದಲ್ಲಿ ಹೋಗಿ ಕೂತರು. ಸಿಟ್ಟಾದವರು ಹೊರಗೇ ನಿಂತು, ಏ ಹುಡುಗಿ, ಬಾಗಿಲು ತೆಗೆದಿದೆ ಅಂತ ಕೂಗಿದರು. ಎರಡೂ ಕಡೆಯವರು ಸರಿಯಾಗಿಯೇ ಓದಿದ್ದಾರೆ. ಅರ್ಧಕ್ಕೆ ಬಿಟ್ಟವರ ಬಗ್ಗೆ ನಾನು ಏನೂ ಹೇಳಲ್ಲ. ಪೆನ್ಸಿಲ್ ಬಾಕ್ಸಿನ ಜಗಳದ ಹತ್ತಿರ ಬಿಟ್ಟಿರುತ್ತಾರೆ, ನನಗೂ ಅಲ್ಲಿ ಆಕಳಿಕೆ ಬಂದಿತ್ತು.

ಮೊದಲ ಪುಟವನ್ನು ಇನ್ನೊಂದು ಸಲ ತೆಗೆದು ನೋಡಿ. ಕ್ಯಾಥಿ ಅಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತಾಳೆ. ತಾನು ನೋಡಿಕೊಂಡವರು ಬೇಗ ಚೇತರಿಸಿಕೊಳ್ಳುತ್ತಾರೆ. ನಾಲ್ಕನೆಯ ಸಲಕ್ಕೆ ಮುಂಚೆ ಕೂಡ ಅವರಲ್ಲಿ ಗಲಾಟೆ ಮಾಡಿಕೊಳ್ಳುವವರು ಕಡಿಮೆ. ಅಂದರೆ ಸಾಯೋಕೆ ಹೋಗುವವರನ್ನು ಸಮಾಧಾನವಾಗಿ ಕಳಿಸಿಕೊಡುವುದರಲ್ಲಿ ಇವಳು ಪಳಗಿದವಳು. ಅದೇ ಅವಳ ಹೆಮ್ಮೆ. ಕೆಲಸ ಚೆನ್ನಾಗಿ ಮಾಡಿದೆ ಅನ್ನುವ ಈ ಹೆಮ್ಮೆ ಮನುಷ್ಯನನ್ನು ಎಷ್ಟು ಗಟ್ಟಿಯಾಗಿ ಕಟ್ಟಿಹಾಕುತ್ತದೆ ಅನ್ನುವುದೇ ಇಶಿಗುರೊ ಅವರ ಬಹುಪಾಲು ಪುಸ್ತಕಗಳ ವಿಷಯ. ಮೂವತ್ತು ವರ್ಷ ಒಂದೇ ಬ್ಯಾಂಕಿನಲ್ಲಿ ಇದ್ದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾ? ತಮಾಷೆಗೆ ಅಂದೆ, ಅವರಿಗೆ ಹೇಳಬೇಡಿ.

ದಂಗೆ ಎದ್ದು ತಪ್ಪಿಸಿಕೊಳ್ಳುವ ಕಥೆ ತನಗೆ ಬೇಕಿರಲಿಲ್ಲ, ಮನುಷ್ಯರು ತಮ್ಮ ಪಾಲಿಗೆ ಬಂದದ್ದನ್ನು ಹೇಗೆ ಒಪ್ಪಿಕೊಂಡು ಬಿಡುತ್ತಾರೆ ಅನ್ನುವುದರ ಬಗ್ಗೆ ಕುತೂಹಲ ಇತ್ತು ಅಂತ ಇಶಿಗುರೊ ಸಂದರ್ಶನಗಳಲ್ಲಿ ಹೇಳಿದ್ದಾರೆ. ಈ ಕಥೆಯನ್ನು ಅವರು 1990ರ ದಶಕದಲ್ಲೇ ಎರಡು ಸಲ ಶುರು ಮಾಡಿ ಕೈಬಿಟ್ಟಿದ್ದರು. ವಿಚಿತ್ರ ಹಣೆಬರಹದ ಕೆಲವು ಹುಡುಗ ಹುಡುಗಿಯರು ಮನಸ್ಸಿನಲ್ಲಿದ್ದರು, ಆ ಹಣೆಬರಹ ಏನು ಅನ್ನುವುದು ಹೊಳೆದಿರಲಿಲ್ಲ. ಜೀವತಂತ್ರಜ್ಞಾನದ ಬಗ್ಗೆ ರೇಡಿಯೋದಲ್ಲಿ ಒಂದು ಚರ್ಚೆ ಕೇಳಿದ ಮೇಲೆ ದಾರಿ ಸಿಕ್ಕಿತಂತೆ. ಕ್ಲೋನಿಂಗ್ ಬಂದದ್ದು ಕೊನೆಗೆ. ಇದರಲ್ಲಿ ವಿಜ್ಞಾನವೇ ಇಲ್ಲ ಅಂತ ನಿಮ್ಮಲ್ಲಿ ಯಾರಾದರೂ ಗೊಣಗಿದ್ದರೆ ಅದಕ್ಕೆ ಕಾರಣ ಇದು.

ಸಿಟ್ಟಾದವರ ಪರವಾಗಿ ಒಂದು ಮಾತು ಹೇಳಲೇಬೇಕು. ಕೊನೆಯ ಭಾಗದಲ್ಲಿ ಹೇಲ್‌ಶಮ್‌ನ ಮುಖ್ಯಸ್ಥೆಯಾಗಿದ್ದ ಮಿಸ್ ಎಮಿಲಿ ಗಾಲಿಕುರ್ಚಿಯಲ್ಲಿ ಕೂತು ಎಲ್ಲವನ್ನೂ ವಿವರಿಸುವ ದೃಶ್ಯ ಇದೆಯಲ್ಲ, ಅದು ನನಗೂ ಹಿಡಿಸಲ್ಲ. ಅಷ್ಟು ಹೊತ್ತು ಬಾಯಿ ಬಿಡದ ಪುಸ್ತಕ ಅಲ್ಲಿ ಒಮ್ಮೆಗೇ ಪಾಠ ಒಪ್ಪಿಸುತ್ತದೆ. ಕ್ಯಾಥಿ ಪ್ರೀತಿಸುವ ಟಾಮಿ ಆಮೇಲೆ ಕತ್ತಲಲ್ಲಿ ಕಾರಿನಿಂದ ಇಳಿದು, ಕೆಸರಿನ ಹೊಲಕ್ಕೆ ಹೋಗಿ ಕಿರುಚಾಡುತ್ತಾನೆ. ಆ ಒಂದು ಪುಟ ಸಾಕಿತ್ತು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಓದಿ. ಆದರೆ ಹೊಸ ಪುಸ್ತಕದ ಕಡೆ ಹೋಗಬೇಡಿ, ಹಿಂದಕ್ಕೆ ಹೋಗಿ. 1989ರ 'ದಿ ರಿಮೇನ್ಸ್ ಆಫ್ ದಿ ಡೇ' ತಗೊಳ್ಳಿ. ಅದೇ ವರ್ಷದ ಬೂಕರ್ ಬಹುಮಾನ ಅದಕ್ಕೆ ಬಂತು. (ನಮ್ಮ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ದೀಪಾ ಭಾಸ್ತಿ ಅವರ ಜೊತೆ ಬಂದದ್ದು ಇಂಟರ್‌ನ್ಯಾಷನಲ್ ಬೂಕರ್, ಇಂಗ್ಲಿಷಿಗೆ ಅನುವಾದವಾದ ಪುಸ್ತಕಗಳಿಗೆ ಕೊಡುವಂಥದ್ದು. ಎರಡೂ ಬೇರೆ ಬೇರೆ. ಈಗ ಎಲ್ಲರೂ ಕೇಳುತ್ತಾರೆ, ಅದಕ್ಕೆ ಹೇಳಿದೆ.)

ಸ್ವಲ್ಪ ಹಿನ್ನೆಲೆ ಬೇಕು. ಇಶಿಗುರೊ ಹುಟ್ಟಿದ್ದು 1954ರಲ್ಲಿ, ನಾಗಸಾಕಿಯಲ್ಲಿ. ತಂದೆ ಸಮುದ್ರ ವಿಜ್ಞಾನಿ. 1960ರಲ್ಲಿ, ಮಗನಿಗೆ ಐದು ವರ್ಷವಿದ್ದಾಗ, ಕೆಲಸದ ಮೇಲೆ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ಗೆ ಬಂದರು. ಒಂದೆರಡು ವರ್ಷ ಇದ್ದು ವಾಪಸ್ ಹೋಗುವುದು ಅಂತ ಲೆಕ್ಕ. ಹೋಗಲೇ ಇಲ್ಲ. ಇಶಿಗುರೊ ಮತ್ತೆ ಜಪಾನ್ ನೋಡಿದ್ದು 1989ರಲ್ಲಿ. ಅಷ್ಟರಲ್ಲಿ ಜಪಾನಿನ ಮೇಲೆ ಎರಡು ಕಾದಂಬರಿ ಬರೆದಾಗಿತ್ತು, ಎರಡೂ ಬಾಲ್ಯದ ನೆನಪು ಮತ್ತು ಕಲ್ಪನೆಯ ಜಪಾನ್. ಇಂಗ್ಲಿಷ್ ವಿಮರ್ಶಕರು ಮಾತ್ರ ಅದರಲ್ಲಿ ನಿಜವಾದ ಜಪಾನ್ ಹುಡುಕಿದರು. ಬರವಣಿಗೆಯ ಶಾಂತಿಗೆ ಕೊಳ, ಮೀನು, ಜಪಾನೀ ಚಿತ್ರಕಲೆ ಅಂತ ಹೋಲಿಕೆ ಕೊಟ್ಟರು. ಇಶಿಗುರೊ ಅವರಿಗೆ ರೇಜಿಗೆಯಾಯಿತು. ಮೂರನೆಯ ಪುಸ್ತಕಕ್ಕೆ ಅಪ್ಪಟ ಇಂಗ್ಲಿಷ್ ಬಂಗಲೆ, ಅದರಲ್ಲಿ ಅಪ್ಪಟ ಇಂಗ್ಲಿಷ್ ಬಟ್ಲರ್. ಒಂದೇ ಪುಸ್ತಕವನ್ನು ಮೂರು ಸಲ ಬರೆದೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಕೊಳ ಮೀನು ಅಂದವರು ಈಗ ಏನು ಹೇಳಬೇಕು?

ಕಥೆ ಇಷ್ಟೇ. 1956ರ ಜುಲೈ. ಸ್ಟೀವನ್ಸ್ ಅನ್ನುವ ವಯಸ್ಸಾದ ಬಟ್ಲರ್ ಈಗಿನ ಯಜಮಾನನ ಫೋರ್ಡ್ ಕಾರು ತಗೊಂಡು ಆರು ದಿನದ ಪ್ರವಾಸ ಹೊರಡುತ್ತಾನೆ. ಹಿಂದೆ ಅದೇ ಬಂಗಲೆಯಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮಿಸ್ ಕೆಂಟನ್ ಈಗ ದೂರದ ಊರಲ್ಲಿದ್ದಾಳೆ. ಅವಳನ್ನು ಮತ್ತೆ ಕೆಲಸಕ್ಕೆ ಕರೆಯೋಣ ಅಂತ. ಕೆಲಸಕ್ಕೆ ಅಂತ ಅವನು ಹೇಳುತ್ತಾನೆ. ದಾರಿಯುದ್ದಕ್ಕೂ ಹಳೆಯದು ನೆನೆಯುತ್ತಾನೆ. ಅವನ ಹಳೆಯ ಯಜಮಾನ ಲಾರ್ಡ್ ಡಾರ್ಲಿಂಗ್ಟನ್ ಯುದ್ಧಕ್ಕೆ ಮೊದಲು ನಾಜಿಗಳ ಪರ ವಾಲಿದವನು. ಇವನು ಅವನಿಗೆ ಬೆಳ್ಳಿ ಚಮಚ ಉಜ್ಜಿಕೊಟ್ಟವನು.

ಇಲ್ಲಿ ಒಂದು ದೃಶ್ಯ ಇದೆ. ಕಥೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಮುಂದಿನ ಮೂರು ಪ್ಯಾರಾ ಬಿಟ್ಟುಬಿಡಿ.

1923. ಬಂಗಲೆಯಲ್ಲಿ ದೊಡ್ಡ ಸಭೆ. ಬೇರೆ ಬೇರೆ ದೇಶದವರು ಬಂದಿದ್ದಾರೆ. ಸ್ಟೀವನ್ಸ್‌ನ ಅಪ್ಪನೂ ಅಲ್ಲೇ ಕೆಲಸಕ್ಕಿದ್ದಾನೆ, ಈಗ ಮೇಲಿನ ಸಣ್ಣ ಕೋಣೆಯಲ್ಲಿ ಸಾಯುತ್ತಾ ಮಲಗಿದ್ದಾನೆ. ಮಗ ಒಂದು ನಿಮಿಷ ನೋಡಲು ಹೋಗುತ್ತಾನೆ. ನಾನು ನಿನಗೆ ಒಳ್ಳೆ ಅಪ್ಪ ಆಗಿದ್ದೆ ಅಂದುಕೊಂಡಿದ್ದೀನಿ ಅನ್ನುತ್ತಾನೆ ಮುದುಕ. ಆಗಿರಲಿಲ್ಲವೇನೋ ಅಂತ ತಾನೇ ಸೇರಿಸುತ್ತಾನೆ. ಮಗ ಏನನ್ನುತ್ತಾನೆ ಗೊತ್ತಾ? ನೀವು ಹುಷಾರಾಗುತ್ತಿರುವುದು ಸಂತೋಷ, ಈಗ ಕೆಳಗೆ ತುಂಬಾ ಕೆಲಸ ಇದೆ, ಬೆಳಗ್ಗೆ ಮಾತಾಡೋಣ. ಇಳಿದು ಬಂದು ಅತಿಥಿಗಳಿಗೆ ವೈನ್ ಹಾಕಿಕೊಡುತ್ತಾನೆ. ಒಬ್ಬ ಹುಡುಗ ಅತಿಥಿ ಮೀನಿನ ಬಗ್ಗೆ ಏನೋ ಹೇಳುತ್ತಿದ್ದಾನೆ. ಆಮೇಲೆ, ಸ್ಟೀವನ್ಸ್, ಹುಷಾರಾಗಿದ್ದೀಯಾ ಅಂತ ಕೇಳುತ್ತಾನೆ. ಸ್ವಲ್ಪ ಹೊತ್ತಿಗೆ ಯಜಮಾನ ಬಂದು, ನೀನು ಅಳುತ್ತಿರುವ ಹಾಗೆ ಕಾಣುತ್ತದಲ್ಲ ಅನ್ನುತ್ತಾನೆ. ಇವನು ನಕ್ಕು, ಕರ್ಚೀಫು ತೆಗೆದು ಬೇಗ ಮುಖ ಒರೆಸಿಕೊಂಡು, ಕೆಲಸ ಜಾಸ್ತಿಯಾಯಿತು ಸರ್ ಅನ್ನುತ್ತಾನೆ. ಅಷ್ಟೇ. ತಾನು ಅತ್ತೆ ಅಂತ ಸ್ಟೀವನ್ಸ್ ನಮಗೆ ಎಲ್ಲೂ ಹೇಳುವುದಿಲ್ಲ. ಬೇರೆಯವರ ಬಾಯಿಂದ ನಮಗೆ ಗೊತ್ತಾಗಬೇಕು.

ಮೊದಲ ಓದಿನಲ್ಲಿ ನಾನು ಆ ಸಾಲನ್ನು ದಾಟಿಬಿಟ್ಟಿದ್ದೆ. ನಿಜ ಹೇಳುತ್ತಿದ್ದೇನೆ. ಎಂಥ ಕಲ್ಲು ಹೃದಯದವನು ಅಂತ ಬೈದುಕೊಂಡು ಪುಟ ತಿರುಗಿಸಿದೆ. ಆಮೇಲೆ ಕ್ಲಾಸಿನಲ್ಲಿ ಈ ಭಾಗ ಓದಿಸುತ್ತಿದ್ದಾಗ ಒಬ್ಬ ಹುಡುಗಿ, "ಸರ್, ಇವನು ಎಷ್ಟು ಹೊತ್ತಿನಿಂದ ಅಳ್ತಾ ಇದ್ದ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ಎರಡು ಪುಟ ಮತ್ತೆ ಓದಿದೆವು. ಮೀನಿನ ಮಾತು, ವೈನ್ ಹಾಕಿಕೊಟ್ಟದ್ದು, ನಗು, ಎಲ್ಲದರ ಅರ್ಥವೂ ಬದಲಾಗಿಹೋಯಿತು. ಇನ್ನೂ ಇದೆ. ಅಪ್ಪ ತೀರಿಹೋದ ಮೇಲೆ ಡಾಕ್ಟರು ಬರುತ್ತಾರೆ. ಇವನು ಅವರನ್ನು ಕೆಳಗಿರುವ ಫ್ರೆಂಚ್ ಅತಿಥಿಯ ಕಾಲು ನೋವು ನೋಡಲು ಕಳಿಸುತ್ತಾನೆ! ಇಷ್ಟೆಲ್ಲ ಹೇಳಿ ಮುಗಿಸುವಾಗ, ಆ ಸಂಜೆಯನ್ನು ನೆನೆದರೆ ತನಗೆ ಗೆದ್ದ ಭಾವನೆ ಬರುತ್ತದೆ ಅನ್ನುತ್ತಾನೆ. ಕ್ಯಾಥಿಯ ಮೊದಲ ಪುಟ ನೆನಪಾಯಿತಾ?

ಮಿಸ್ ಕೆಂಟನ್ ವಿಷಯವೂ ಹೀಗೇ. ಒಂದು ಸಂಜೆ ಅವನು ಯಾವುದೋ ಪುಸ್ತಕ ಓದುತ್ತಿರುತ್ತಾನೆ. ಅವಳು ಅವನ ಕೋಣೆಗೆ ಬಂದು, ಏನು ಓದ್ತಿದ್ದೀರಿ ತೋರಿಸಿ ಅಂತಾಳೆ. ಇವನು ಎದೆಗೆ ಒತ್ತಿ ಹಿಡಿದುಕೊಳ್ಳುತ್ತಾನೆ. ಅವಳು ಹತ್ತಿರ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪುಸ್ತಕ ತಗೊಳ್ಳುತ್ತಾಳೆ. ನೋಡಿದರೆ ಅದೊಂದು ಸಾಧಾರಣ ಪ್ರೇಮಕಥೆ. ಇಂಗ್ಲಿಷ್ ಭಾಷೆ ಸುಧಾರಿಸಿಕೊಳ್ಳಲು ಓದುತ್ತಿದ್ದೆ ಅನ್ನುತ್ತಾನೆ ನಮ್ಮ ಬಟ್ಲರ್. ಇಡೀ ಪುಸ್ತಕದಲ್ಲಿ ಇಬ್ಬರೂ ಅಷ್ಟು ಹತ್ತಿರ ಬರುವುದು ಅದೊಂದೇ ಸಲ. ನೋಡಿ, ಕ್ಯಾಥಿ ಯಾಕೆ ಓಡಲಿಲ್ಲ ಅಂತ ಕೇಳುವುದು ಸುಲಭ, ಯಾಕೆಂದರೆ ಅವಳು ಕ್ಲೋನ್, ನಾವು ಅಲ್ಲ. ಸ್ಟೀವನ್ಸ್‌ಗೆ ಯಾರೂ ಆಪರೇಷನ್ ಮಾಡುವವರಿಲ್ಲ. ಸಂಬಳ ಬರುತ್ತದೆ, ರಜೆಯೂ ಇದೆ. ಅವನು ಒಂದು ಬಾಗಿಲು ತಟ್ಟಿದ್ದರೆ ಸಾಕಿತ್ತು. ತಟ್ಟಲಿಲ್ಲ. ಅದಕ್ಕೇ ಸಿಟ್ಟಾದವರಿಗೆ ಈ ಪುಸ್ತಕ ಕೊಡಿ ಅಂತ ಹೇಳುತ್ತಿರುವುದು.

ಇದನ್ನು ಬರೆದ ಕಥೆಯೂ ಚೆನ್ನಾಗಿದೆ. 1987ರಲ್ಲಿ ನಾಲ್ಕು ವಾರ ಫೋನಿಲ್ಲ, ಕಾಗದಪತ್ರವಿಲ್ಲ, ಮನೆಗೆ ಯಾರೂ ಬರುವ ಹಾಗಿಲ್ಲ. ಸೋಮವಾರದಿಂದ ಶನಿವಾರ, ಬೆಳಗ್ಗೆ 9ರಿಂದ ರಾತ್ರಿ 10.30ರವರೆಗೆ ಬರವಣಿಗೆ. ಊಟಕ್ಕೆ ಮಾತ್ರ ಬಿಡುವು. ಅಡುಗೆ, ಮನೆಕೆಲಸದಲ್ಲಿ ಅವರ ಪಾಲನ್ನೂ ಹೆಂಡತಿ ಲೋರ್ನಾ ನೋಡಿಕೊಂಡರು. ಲೋರ್ನಾ ಬಗ್ಗೆ ಇನ್ನೊಂದು ಮಾತು: ಮುಂದೆ 'ದಿ ಬರೀಡ್ ಜೈಂಟ್'ನ ಮೊದಲ ಕರಡು ಓದಿ, ಇದು ಆಗಲ್ಲ, ಮೊದಲಿಂದ ಬರಿ ಅಂದವರು ಅವರೇ. ಇಶಿಗುರೊ ಮೊದಲಿಂದ ಬರೆದರು. ನೊಬೆಲ್ ಭಾಷಣದಲ್ಲಿ ಇಶಿಗುರೊ ಹೇಳಿದ ಪ್ರಕಾರ, ಸ್ಟೀವನ್ಸ್ ಕೊನೆಯವರೆಗೂ ಬಾಯಿ ಬಿಡಬಾರದು ಅಂತ ಅವರು ಗಟ್ಟಿ ಮಾಡಿಕೊಂಡಿದ್ದರು. ಪುಸ್ತಕ ಮುಗಿಯಿತು ಅಂದುಕೊಂಡ ಹೊತ್ತಿಗೆ ಟಾಮ್ ವೇಟ್ಸ್ ಅವರ ಒಂದು ಹಾಡು ಕೇಳಿದರು. ಮಲಗಿರುವ ಪ್ರೇಯಸಿಯನ್ನು ಬೆಳಗಿನ ಜಾವ ಬಿಟ್ಟುಹೋಗುವ ಒಬ್ಬ ಗಡಸು ಮನುಷ್ಯ. ಅವನ ಎದೆ ಒಡೆಯುತ್ತಿದೆ ಅಂತ ದನಿಯಲ್ಲೇ ಗೊತ್ತಾಗುತ್ತದೆ. ಆಗ ಮನಸ್ಸು ಬದಲಾಯಿಸಿ ಒಂದೇ ಒಂದು ಕಡೆ ಸ್ಟೀವನ್ಸ್ ಬಾಯಿ ಬಿಡುವ ಹಾಗೆ ಮಾಡಿದರು. ಮಳೆ, ಬಸ್ ಸ್ಟಾಪು, ಮಿಸ್ ಕೆಂಟನ್ ಪಕ್ಕದಲ್ಲಿ. ಒಂದು ವಾಕ್ಯ ಅಷ್ಟೇ. ಅದನ್ನು ನಾನು ಇಲ್ಲಿ ಹೇಳಲ್ಲ.

ಈ ಪುಸ್ತಕದ ಓದುಗರೂ ಎಂಥೆಂಥವರು! ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್ ತನಗೆ ತುಂಬಾ ಇಷ್ಟವಾದ ಕಾದಂಬರಿ ಇದೇ ಅಂದಿದ್ದಾರೆ. ಕೆಲಸ ಕೆಲಸ ಅಂತ ಬದುಕನ್ನೇ ಕಳಕೊಂಡವನ ಕಥೆ ಓದಿ ಆ ಮನುಷ್ಯ ಏನು ಕಲಿತರೋ. ಪಶ್ಚಾತ್ತಾಪ ಪಡಬಾರದು ಅಂತ ಕಲಿತಿರಬೇಕು. ಒಂದೇ ಪುಸ್ತಕಕ್ಕೆ ಬೇರೆ ಬೇರೆ ಪ್ರತಿಕ್ರಿಯೆ ಯಾಕೆ ಅಂತ ಕೇಳಿದಿರಲ್ಲ. ಇವರ ಪುಸ್ತಕದಲ್ಲಿ ಕಥೆ ಹೇಳುವವರು ಅರ್ಧ ಮುಚ್ಚಿಟ್ಟಿರುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ, ತಮಗೆ ತಾವೇ ಹೇಳಿಕೊಂಡಿರುವುದಿಲ್ಲ. ಆ ಅರ್ಧವನ್ನು ಓದುವವರು ತಮ್ಮ ಜೇಬಿನಿಂದ ತುಂಬಬೇಕು. ಯಾರ ಜೇಬಿನಲ್ಲಿ ಏನಿದೆಯೋ ಅದು ಬರುತ್ತದೆ.

ನಿಮ್ಮ ಗುಂಪಿನಲ್ಲಿ ಹೆಣ್ಣು ಗಂಡು ನೋಡುವ ವ್ಯವಹಾರದಲ್ಲಿ ಓಡಾಡಿದವರು ಯಾರಾದರೂ ಇದ್ದರೆ, ಅವರಿಗೆ 1986ರ 'ಆ್ಯನ್ ಆರ್ಟಿಸ್ಟ್ ಆಫ್ ದ ಫ್ಲೋಟಿಂಗ್ ವರ್ಲ್ಡ್' ಕೊಡಿ. ಯುದ್ಧ ಸೋತ ಜಪಾನ್. ಓನೊ ಅನ್ನುವ ಹಿರಿಯ ಚಿತ್ರಕಾರ, ಯುದ್ಧದ ಪರ ಪೋಸ್ಟರ್ ಬರೆದವನು. ಈಗ ಕಿರಿ ಮಗಳ ಮದುವೆ ಮಾತುಕತೆ ನಡೆಯುತ್ತಿದೆ. ಹಿಂದಿನ ವರ್ಷ ಒಂದು ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿ ತಪ್ಪಿಹೋಗಿದೆ. ಗಂಡಿನ ಕಡೆಯವರು ನಮ್ಮ ಬಗ್ಗೆ ವಿಚಾರಿಸುತ್ತಾರೆ, ನೀವು ಹಳಬರನ್ನೆಲ್ಲ ಒಮ್ಮೆ ಮಾತಾಡಿಸಿಕೊಂಡು ಬಂದರೆ ಒಳ್ಳೆಯದು ಅಂತ ದೊಡ್ಡ ಮಗಳು ಸೂಚ್ಯವಾಗಿ ಹೇಳುತ್ತಾಳೆ. ಸರಿಯಾಗಿ ನಮ್ಮ ಮನೆ ಮಾತಲ್ವಾ ಇದು? ಇಂಗ್ಲಿಷ್ ಓದುಗರಿಗೆ ಅಡಿಟಿಪ್ಪಣಿ ಬೇಕಾಗುವ ಕಡೆ ನಮಗೆ ಏನೂ ಬೇಕಾಗುವುದಿಲ್ಲ. ಗಂಡಿನ ಮನೆಯವರ ಎದುರು ಓನೊ ಎದ್ದು ಕೂತು, ನಾನು ದೇಶಕ್ಕೆ ತಪ್ಪು ದಾರಿ ತೋರಿಸಿದೆ ಅಂತ ಒಪ್ಪಿಕೊಳ್ಳುತ್ತಾನೆ. ಎದೆ ತುಂಬಿ ಬರುತ್ತದೆ. ಮದುವೆಯೂ ಆಗುತ್ತದೆ. ಎಷ್ಟೋ ಪುಟ ಆದಮೇಲೆ ದೊಡ್ಡ ಮಗಳು, ಅಪ್ಪ, ಆ ದಿನ ನೀವು ಏನು ಹೇಳಿದಿರಿ ಅಂತ ಅಲ್ಲಿ ಯಾರಿಗೂ ತಿಳಿಯಲಿಲ್ಲ, ನೀವು ಬರೀ ಚಿತ್ರ ಬರೆಯುವವರಲ್ಲವಾ ಅನ್ನುತ್ತಾಳೆ. ಅಯ್ಯೋ ಅನಿಸುತ್ತದೆ. ಹಾಗಾದರೆ ಅವನ ತಪ್ಪೊಪ್ಪಿಗೆಯೂ ಒಂದು ಥರದ ಜಂಬವೇ? ಮಗಳು ಸುಮ್ನೆ ಸಮಾಧಾನಕ್ಕೆ ಹೇಳಿದಳಾ? ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ. ನನ್ನ ಲೆಕ್ಕದಲ್ಲಿ ಇದು ಅವರ ಎರಡನೇ ಒಳ್ಳೆಯ ಪುಸ್ತಕ.

ಜಗಳವೇ ಬೇಕು ಅಂದರೆ 1995ರ 'ದಿ ಅನ್‌ಕನ್ಸೋಲ್ಡ್' ಇದೆ. ಐನೂರಕ್ಕೂ ಹೆಚ್ಚು ಪುಟ. ಒಬ್ಬ ಪಿಯಾನೋ ವಾದಕ ಯುರೋಪಿನ ಯಾವುದೋ ಊರಿಗೆ ಕಛೇರಿಗೆ ಬರುತ್ತಾನೆ. ಕನಸಿನಲ್ಲಿ ಆಗುವ ಹಾಗೆ ಎಲ್ಲಿಗೂ ತಲುಪುವುದೇ ಇಲ್ಲ. ಲಿಫ್ಟಿನಲ್ಲಿ ಸಾಮಾನು ಹೊರುವವನು ಪುಟಗಟ್ಟಲೆ ಮಾತಾಡುತ್ತಾನೆ. ಕೆಟ್ಟ ಪುಸ್ತಕಗಳಲ್ಲೇ ಇದು ಹೊಸದೊಂದು ಬಗೆ ಅಂತ ವಿಮರ್ಶಕ ಜೇಮ್ಸ್ ವುಡ್ ಜರೆದರು. 2006ರಲ್ಲಿ ಅಬ್ಸರ್ವರ್ ಪತ್ರಿಕೆ ಬರಹಗಾರರು, ವಿಮರ್ಶಕರನ್ನೆಲ್ಲ ಕೇಳಿ, 1980ರಿಂದ 2005ರವರೆಗಿನ ಬ್ರಿಟನ್, ಐರ್ಲೆಂಡ್, ಕಾಮನ್‌ವೆಲ್ತ್ ಕಾದಂಬರಿಗಳಲ್ಲಿ ಒಳ್ಳೆಯವು ಯಾವುವು ಅಂತ ಪಟ್ಟಿ ಮಾಡಿತು. ಅದೇ ಪುಸ್ತಕ ಇನ್ನು ಕೆಲವರ ಜೊತೆ ಮೂರನೇ ಸ್ಥಾನ ಹಂಚಿಕೊಂಡಿತು! ಹನ್ನೊಂದು ವರ್ಷದಲ್ಲಿ ಪುಸ್ತಕದ ಒಂದಕ್ಷರವೂ ಬದಲಾಗಿರಲಿಲ್ಲ. ನಾನು ಎರಡು ಸಲ ಹತ್ತಿ ಎರಡು ಸಲವೂ ನಡುದಾರಿಯಲ್ಲಿ ಇಳಿದು, ಮೂರನೇ ಸಲ ಮುಗಿಸಿದೆ. ಅರ್ಧಕ್ಕೆ ಬಿಟ್ಟ ನಿಮ್ಮ ಇಬ್ಬರಿಗೆ ಇದರ ಹೆಸರು ಕೂಡ ಹೇಳಬೇಡಿ.

2015ರ 'ದಿ ಬರೀಡ್ ಜೈಂಟ್' ಬಂದಾಗ ಇನ್ನೊಂದು ಥರದ ಗಲಾಟೆ. ಡ್ರ್ಯಾಗನ್ನಿನ ಉಸಿರು ಮಂಜಾಗಿ ಹಬ್ಬಿ ಊರಿಗೆಲ್ಲ ಮರೆವು. ಮುದಿ ಗಂಡ ಹೆಂಡತಿ ಮಗನನ್ನು ಹುಡುಕಿಕೊಂಡು ಹೊರಟಿದ್ದಾರೆ. ಓದುಗರು ಇದನ್ನು ಫ್ಯಾಂಟಸಿ ಅಂದುಬಿಡುತ್ತಾರಾ ಅಂತ ಇಶಿಗುರೊ ಒಂದು ಸಂದರ್ಶನದಲ್ಲಿ ಅನುಮಾನ ಪಟ್ಟರು. ಫ್ಯಾಂಟಸಿಯಲ್ಲೇ ಹೆಸರು ಮಾಡಿದ್ದ ಉರ್ಸುಲಾ ಲೆ ಗ್ವಿನ್ ಅವರಿಗೆ ಕೋಪ ಬಂತು. ಅದೇನು ಬೈಗುಳವಾ ಅಂತ ಕೇಳಿದರು. ನಾನು ಡ್ರ್ಯಾಗನ್‌ಗಳ ಕಡೆಯವನೇ ಅಂತ ಇವರು ಸಮಜಾಯಿಷಿ ಕೊಟ್ಟರು. 2021ರ 'ಕ್ಲಾರಾ ಆ್ಯಂಡ್ ದ ಸನ್' ಒಂದು ಮಗುವಿಗೆ ಜೊತೆಯಾಗಿರಲು ಮಾಡಿದ ಯಂತ್ರದ ಗೊಂಬೆಯ ಕಥೆ. ಮಕ್ಕಳ ಕಥೆಯಾಗಿ ಶುರುವಾದದ್ದು. ಮಗಳು ನವೋಮಿ ಕೇಳಿ, ಇದನ್ನು ಮಕ್ಕಳಿಗೆ ಹೇಳಬೇಡ, ಹೆದರುತ್ತಾವೆ ಅಂದರಂತೆ. ಅಂಗಡಿಯ ಗಾಜಿನ ಹಿಂದಿನಿಂದ ಕ್ಲಾರಾ ಬೀದಿ ನೋಡುವ ಮೊದಲ ಭಾಗ ಬಹಳ ಚಂದ. ನಡುವೆ ಸ್ವಲ್ಪ ಎಳೆದಿದ್ದಾರೆ. ನಿಮ್ಮಲ್ಲಿ ಅತ್ತವರಿಗೆ ಹಿಡಿಸುತ್ತದೆ.

ಇನ್ನು 'ಇಂಗ್ಲಿಷ್ ಸುಲಭ' ಅನ್ನುವ ಮಾತು. ಹೌದು, ಬೇಕಂತಲೇ ಸುಲಭ. ಇಂಗ್ಲಿಷಿನಲ್ಲಿ ಮಾತ್ರ ಮಿಂಚುವ ಪದಚಮತ್ಕಾರ, ಲಂಡನ್ನಿನವರಿಗೆ ಮಾತ್ರ ತಿಳಿಯುವ ಅಂಗಡಿ ಹೆಸರು, ಇಂಥವು ಬೇರೆ ಭಾಷೆಗೆ ಹೋದಾಗ ಉಳಿಯುವುದಿಲ್ಲ ಅನ್ನುವ ಎಚ್ಚರ ತನಗಿದೆ ಅಂತ ಇಶಿಗುರೊ ಹೇಳಿದ್ದಾರೆ. ನಮ್ಮಂಥ ಓದುಗರಿಗೆ ಇದರಿಂದ ಅನುಕೂಲವೂ ಇದೆ, ಮೋಸವೂ ಇದೆ. ಡಿಕ್ಷನರಿ ಬೇಕಾಗಲ್ಲ, ಸರಸರ ಹೋಗುತ್ತದೆ. ಸರಸರ ಹೋಗುವುದರಿಂದಲೇ, ನೀನು ಅಳುತ್ತಿರುವ ಹಾಗೆ ಕಾಣುತ್ತದಲ್ಲ ಅನ್ನುವ ಸಾಲು ತಪ್ಪಿಹೋಗುತ್ತದೆ. ಸ್ಟೀವನ್ಸ್‌ನ ಇಂಗ್ಲಿಷ್ ಮಾತ್ರ ಸ್ವಲ್ಪ ಬಿಗಿ, ಸರ್ಕಾರಿ ಕಾಗದದ ಹಾಗೆ. ಶುರುವಿನಲ್ಲಿ ಎಷ್ಟೋ ಪುಟ ಬಟ್ಲರ್‌ನ ಘನತೆ ಅಂದರೆ ಏನು ಅಂತ ಕೊರೆಯುತ್ತಾನೆ. ತಡೆದುಕೊಳ್ಳಿ. ಮನುಷ್ಯ ಯಾವುದರ ಬಗ್ಗೆ ಜಾಸ್ತಿ ಕೊರೆಯುತ್ತಾನೋ ಅದರ ಪಕ್ಕದಲ್ಲೇ ಏನೋ ಬಚ್ಚಿಟ್ಟಿರುತ್ತಾನೆ.

ಗುಂಪಿನಲ್ಲಿ ಓದುವಾಗ ಹೀಗೆ ಮಾಡಿ ನೋಡಿ. ಪುಸ್ತಕವನ್ನು ಎರಡು ತಿಂಗಳಿಗೆ ಹಂಚಿಕೊಳ್ಳಿ. ಅದರಲ್ಲಿ ಸ್ಟೀವನ್ಸ್ ಮಿಸ್ ಕೆಂಟನ್‌ಳ ಮುಚ್ಚಿದ ಬಾಗಿಲ ಹೊರಗೆ ನಿಂತ ನೆನಪು ಎರಡು ಕಡೆ ಬರುತ್ತದೆ. ಒಳಗೆ ಅವಳು ಅಳುತ್ತಿದ್ದಾಳೆ ಅಂತ ಅವನಿಗೆ ಅನ್ನಿಸುತ್ತದೆ. ಮೊದಲ ಸಲ ಅದಕ್ಕೆ ಒಂದು ಕಾರಣ ಕೊಡುತ್ತಾನೆ, ಅವಳ ಚಿಕ್ಕಮ್ಮ ತೀರಿಕೊಂಡ ಸುದ್ದಿ ಬಂದಿತ್ತು ಅಂತ. ಎಷ್ಟೋ ಪುಟ ಆದಮೇಲೆ, ಇಲ್ಲ, ಅದು ಆ ದಿನ ಅಲ್ಲ, ನನಗೆ ತಪ್ಪು ನೆನಪು ಅನ್ನುತ್ತಾನೆ. ಯಾವ ದಿನ ಅನ್ನುವುದು ಗೊತ್ತಾದ ಕ್ಷಣಕ್ಕೆ ಇಡೀ ಪುಸ್ತಕ ಮಗುಚಿಕೊಳ್ಳುತ್ತದೆ. ಆ ಎರಡು ಜಾಗಗಳನ್ನು ಯಾರು ಮೊದಲು ಜೋಡಿಸುತ್ತಾರೆ ನೋಡಿ. ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಹುಡುಕಿ ರೂಢಿಯಿರುವ ನಿಮ್ಮ ಮ್ಯಾನೇಜರ್ ಸಾಹೇಬರೇ ಹಿಡಿಯುತ್ತಾರೆ ಅಂತ ನನ್ನ ಅಂದಾಜು. ಹಿಡಿದರೆ ನನಗೊಂದು ಕಾಗದ ಬರೆಯಿರಿ.